ನದಿಯಲ್ಲಿ ಕಂಡ ಅಪ್ಪನ ಮುಖ

ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಕಾದಂಬರಿಯನ್ನು ನಾನು ಮೊದಲು ಓದಿದ್ದು ಇಪ್ಪತ್ತೆರಡರ ಹರೆಯದಲ್ಲಿ. ಅಪ್ಪನ ಅಡಿಕೆ ತೋಟ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದ್ದ ದಿನಗಳವು. ಹೆಸರು ನೋಡಿ ಬುದ್ಧನ ಕಥೆಯೆಂದೇ ಭಾವಿಸಿದ್ದೆ. ಆದರೆ ಈ ಸಿದ್ಧಾರ್ಥ ಬುದ್ಧನಲ್ಲ, ಬುದ್ಧನ ಕಾಲದ ಒಬ್ಬ ಬ್ರಾಹ್ಮಣ ಕುಮಾರ. ತಂದೆ ಅನುಮತಿ ನೀಡುವವರೆಗೆ ಇರುಳಿಡೀ ನಿಂತಲ್ಲೇ ನಿಂತು, ಬೆಳಗಾದ ಮೇಲೆ ಮನೆ ತೊರೆಯುತ್ತಾನೆ. ಮುಂದೆ ಗೌತಮ ಬುದ್ಧನನ್ನೂ ಕಾಣುತ್ತಾನೆ. ಗೆಳೆಯ ಗೋವಿಂದ ಸಂಘ ಸೇರಿದರೆ, ಇವನು ಜ್ಞಾನೋದಯವನ್ನು ಬೋಧನೆಯಿಂದ ಪಡೆಯಲಾಗದೆಂದು ಬುದ್ಧನಿಗೇ ವಿನಯದಿಂದ ಅರಿಕೆ ಮಾಡಿಕೊಂಡು ಅಲ್ಲಿಂದಲೂ ಹೊರಡುತ್ತಾನೆ. ಹೊರಟವನ ಧೈರ್ಯವಷ್ಟೇ ಅಂದು ನನ್ನ ಕಣ್ಣಿಗೆ ಬಿದ್ದಿತ್ತು. ಹಿಂದೆ ಉಳಿದ ತಂದೆಯ ಗತಿ ಏನಾಯಿತೆಂದು ಕೇಳಿಕೊಳ್ಳಲೇ ಇಲ್ಲ.

ಮೂವತ್ತು ವರ್ಷಗಳ ಬಳಿಕ, ಕಳೆದ ಮಳೆಗಾಲದಲ್ಲಿ ಅದೇ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡೆ. ಮಗ ಎಂಜಿನಿಯರಿಂಗ್ ಓದನ್ನು ಮೂರನೆಯ ವರ್ಷದಲ್ಲಿ ಕೈಬಿಟ್ಟು ಮನೆಯಿಂದ ಹೊರಟುಹೋಗಿದ್ದ. ಮಾತಿಗೆ ಮಾತು ಬೆಳೆದಿತ್ತು. ತಪ್ಪು ನನ್ನದೂ ಇತ್ತು. ಈ ಸಲ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ಭಾಗದ ಒಂದು ಅಧ್ಯಾಯ. ವ್ಯಾಪಾರದಲ್ಲಿ ಗಳಿಸಿ, ಕಮಲೆಯೊಡನೆ ಸುಖಿಸಿ, ಎಲ್ಲಕ್ಕೂ ಹೇಸಿ, ಅಂಬಿಗ ವಾಸುದೇವನ ಜತೆ ಜನರನ್ನು ನದಿ ದಾಟಿಸುವ ಕಾಯಕ ಹಿಡಿದಿರುವ ಸಿದ್ಧಾರ್ಥನ ಪಾಲಿಗೆ, ತಾಯಿಯನ್ನು ಕಳೆದುಕೊಂಡ ಮಗ ಬಂದು ಸೇರುತ್ತಾನೆ. ನಗರದ ಸೌಖ್ಯದಲ್ಲಿ ಬೆಳೆದ ಆ ಹುಡುಗನಿಗೆ ಗುಡಿಸಲೂ ಬೇಡ, ಇಬ್ಬರು ಮುದುಕರ ಸಹವಾಸವೂ ಬೇಡ. ತಂದೆ ಗದರುವುದಿಲ್ಲ; ತಾಳ್ಮೆಯಿಂದಲೇ ಕಟ್ಟಿಹಾಕಲು ನೋಡುತ್ತಾನೆ. ಒಂದು ದಿನ ಹುಡುಗ ದುಡ್ಡು ಕದ್ದು, ದೋಣಿಯೇರಿ ಓಡಿಹೋಗುತ್ತಾನೆ. ದೋಣಿ ಆಚೆ ದಡದಲ್ಲಿ ಸಿಗುತ್ತದೆ, ಅದರ ಹುಟ್ಟು ಮಾತ್ರ ಇಲ್ಲ. ಬೆನ್ನಟ್ಟಿ ಬರಬೇಡಿ ಎಂಬುದೇ ಅದರ ಅರ್ಥವೆಂದು ವಾಸುದೇವ ಮಾತಿಲ್ಲದೆ ನಗುನೋಟದಲ್ಲೇ ಸೂಚಿಸಿದರೂ ತಂದೆ ಬೆನ್ನಟ್ಟುತ್ತಾನೆ. ಬುದ್ಧನನ್ನೇ ಬಿಟ್ಟು ಬಂದವನಿಗೆ ಮಗನನ್ನು ಬಿಡಲಾಗದು!

ಬಹುಕಾಲದ ನಂತರ ನದಿಗೆ ಬಾಗಿದಾಗ ನೀರಿನಲ್ಲಿ ಅವನಿಗೆ ಕಾಣುವುದು ತನ್ನದೇ ಪ್ರತಿಬಿಂಬ. ಆದರೆ ಅದು ತಂದೆಯ ಮುಖದಂತಿದೆ.

ಹೆಸ್ಸೆಗೆ ಈ ನೋವು ಹೊರಗಿನಿಂದ ಬಂದದ್ದಲ್ಲ. ಅವನ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಂದೆ ಬಾಸೆಲ್ ಮಿಷನ್ನಿನ ಸೇವೆಯಲ್ಲಿ ಕೆಲಕಾಲ ನಮ್ಮ ಮಂಗಳೂರಿನಲ್ಲಿದ್ದವರು. ಧರ್ಮಶಿಕ್ಷಣಕ್ಕೆಂದು ಸೇರಿಸಿದ ಶಾಲೆಯಿಂದ ಹುಡುಗ 1892ರಲ್ಲಿ ಓಡಿಹೋದ. 1919ರಲ್ಲಿ ಸಂಸಾರ ಮುರಿದು, ಮೂವರು ಗಂಡುಮಕ್ಕಳಿಂದ ದೂರವಾಗಿ, ಸ್ವಿಟ್ಜರ್ಲೆಂಡಿನ ಹಳ್ಳಿಯೊಂದರಲ್ಲಿ ಒಬ್ಬನೇ ಕುಳಿತು ಈ ಕೃತಿಯನ್ನು ಆರಂಭಿಸಿದ. ನಡುವೆ ವರ್ಷಕ್ಕೂ ಹೆಚ್ಚು ಕಾಲ ಬರವಣಿಗೆ ನಿಂತೇ ಹೋಗಿತ್ತು. ಪುಸ್ತಕ ಪ್ರಕಟವಾದದ್ದು 1922ರಲ್ಲಿ. ಓಡಿದ ಮಗನೂ ಅವನೇ, ದೂರವಾದ ತಂದೆಯೂ ಅವನೇ.

ನಾನು ಬಸ್ಸು ಹತ್ತಿದ ದಿನ ಅಪ್ಪ ಮಾತಾಡಿರಲಿಲ್ಲ. ಬ್ಯಾಗನ್ನು ಮೇಲಕ್ಕೆ ಎತ್ತಿಕೊಟ್ಟು, ಬಸ್ಸು ತಿರುವು ದಾಟುವ ತನಕ ನಿಂತೇ ಇದ್ದರು. ಅದನ್ನು ಕೋಪವೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಈಗ ಕೇಳೋಣವೆಂದರೆ ಅವರಿಲ್ಲ.

ಮೊನ್ನೆ ರಾತ್ರಿ ಮಗ ಫೋನ್ ಮಾಡಿದ. ಓದು ಮುಂದುವರಿಸುತ್ತೀಯಾ ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಊಟ ಆಯಿತೇನೋ ಎಂದೆ. ಅವನೇ ಅಡುಗೆ ಮಾಡುತ್ತಾನಂತೆ. ಅಮ್ಮನ ಸಾರಿನ ಪುಡಿ ಮುಗಿದಿದೆಯಂತೆ, ಕಳಿಸಬೇಕಂತೆ.