ಸಾಧನಸಮೀಕರಣ: ಯಂತ್ರಕೃತವೂ ಹಸ್ತಕೃತವೂ

ಅನೇಕ ಕಾರ್ಯಗಳು ಏಕಕಾಲದಲ್ಲಿ ಒಂದೇ ಸಾಧನವನ್ನು ಅಪೇಕ್ಷಿಸಿದಾಗ ಕೆಲವನ್ನು ಮುಂದೂಡಿ, ಸಾಧನದ ಶಕ್ತಿಗೂ ಬೇಡಿಕೆಗೂ ಹೊಂದಿಕೆ ಮಾಡುವುದು ಸಾಧನಸಮೀಕರಣವೆನಿಸುತ್ತದೆ. ಯೋಜನಾ ತಂತ್ರಾಂಶಗಳಲ್ಲಿ ಇದಕ್ಕೆ 'ರಿಸೋರ್ಸ್ ಲೆವೆಲಿಂಗ್' ಎಂದು ಹೆಸರು. ಇದನ್ನು ಗಣಕಯಂತ್ರವು ತಾನಾಗಿ ಮಾಡಬಹುದು; ಯೋಜಕನು ಕೈಯಾರೆ ಮಾಡಲೂಬಹುದು. ಇವೆರಡರ ಬಲಾಬಲವೇ ಇಲ್ಲಿ ವಿಚಾರ್ಯವಾದ ವಿಷಯ.

ಒಂದು ಕಲ್ಪಿತ ದೃಷ್ಟಾಂತದಿಂದ ವಿಷಯವು ಸ್ಫುಟವಾಗುವುದು. ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆ, ಪಾಂಡವಪುರ ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಒಂದು ಕವಲು, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಒಂದೊಂದು ಕೆರೆ, ಈ ನಾಲ್ಕರ ಹೂಳೆತ್ತುವುದಕ್ಕೆ ಒಂದೇ ಜೆಸಿಬಿ ಇದೆಯೆಂದು ಇಟ್ಟುಕೊಳ್ಳೋಣ. ಪ್ರತಿಯೊಂದಕ್ಕೂ 10 ದಿನ ಬೇಕು. ನಾಲ್ಕಕ್ಕೂ ಮೇ 1ರಂದೇ ಆರಂಭವೆಂದು ಬರೆದಿದೆ. ಒಂದಾದ ಮೇಲೊಂದರಂತೆ ನಡೆಸಿದರೆ ಕೊನೆಯದು ಜೂನ್ 9ಕ್ಕೆ ಮುಗಿಯುತ್ತದೆ. ಕೊನೆಗೆ ನಿಲ್ಲಬೇಕಾದ ಊರು ಯಾವುದು?

ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಎಂಬ ತಂತ್ರಾಂಶವು ಕಾರ್ಯಗಳ ಪೂರ್ವಾಪರ ಸಂಬಂಧ, ಪ್ರತಿಯೊಂದಕ್ಕಿರುವ ಸಾವಕಾಶ, ಆರಂಭದ ದಿನ, ಪ್ರಾಶಸ್ತ್ಯದ ಅಂಕ ಮೊದಲಾದವನ್ನು ನೋಡಿ ಇದನ್ನು ನಿರ್ಣಯಿಸುತ್ತದೆ. ಆ ಅಂಕವು 0ಯಿಂದ 1000ದ ವರೆಗೆ ಇರುತ್ತದೆ. ಏನೂ ಬರೆಯದಿದ್ದರೆ 500. 1000 ಕೊಟ್ಟ ಕಾರ್ಯವನ್ನು ಅದು ಕದಲಿಸುವುದಿಲ್ಲ. ಅದು ಕಾರ್ಯವನ್ನು ಮುಂದೂಡುತ್ತದೆ ಅಥವಾ ತುಂಡು ಮಾಡುತ್ತದೆ. ಬೇರೊಂದು ಯಂತ್ರವನ್ನು ಹುಡುಕಿ ಕೊಡುವುದಿಲ್ಲ.

ನಾಲೆಗೆ ನೀರು ಬಿಡುವ ದಿನವನ್ನು ಗಡುವಾಗಿ ಬರೆದಿದ್ದರೆ ನಾಲೆಗಳಿಗೆ ಸಾವಕಾಶ ಕಡಮೆ. ಕೆರೆಗಳು ಹಿಂದೆ ಬೀಳುತ್ತವೆ. ಆದರೆ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವ ರೈತನಿಗೆ ಅದು ರಾಗಿಯ ಬಿತ್ತನೆಗೆ ಮುಂಚೆ ಬೇಕು. ನಡುವೆ ಮಳೆ ಬಂದು ಕೆರೆಯಂಗಳ ಕೆಸರಾದರೆ ಆ ವರ್ಷದ ಗೋಡು ಅವನಿಗೆ ತಪ್ಪಿಹೋಯಿತು. ಈ ಸಂಗತಿ ಪಟ್ಟಿಯಲ್ಲಿ ಇಲ್ಲದ್ದರಿಂದ ಯಂತ್ರವು ಅಲ್ಲಿ ಇಲ್ಲದ ಸಾವಕಾಶವನ್ನು ಕಾಣುತ್ತದೆ.

ಪೂರ್ವಮೀಮಾಂಸೆಯ ಐದನೆಯ ಅಧ್ಯಾಯವು ಕ್ರಮವನ್ನೇ ವಿಚಾರಿಸುತ್ತದೆ. ಅಗ್ನಿಹೋತ್ರದ ಪ್ರಕರಣದಲ್ಲಿ ಹೋಮವು ಮೊದಲು, ಗಂಜಿಯ ಪಾಕವು ಅನಂತರ ಪಠಿತವಾಗಿದ್ದರೂ, ಹೋಮಕ್ಕೆ ಗಂಜಿಯೇ ದ್ರವ್ಯವಾದಕಾರಣ ಪಾಕವೇ ಮೊದಲೆಂದು ಮೀಮಾಂಸಕರ ಸಿದ್ಧಾಂತ. ಪಾಠಕ್ರಮಕ್ಕಿಂತ ಅರ್ಥಕ್ರಮವು ಬಲವತ್ತರವಾದುದು. ಯಂತ್ರಕ್ಕೆ ಗೋಚರಿಸುವುದು ಪಾಠವೊಂದೇ. ಪ್ರಯೋಜನವನ್ನು ಬಲ್ಲವನು ಯೋಜಕ.

ಇಷ್ಟರಿಂದ ಹಸ್ತಕೃತವೇ ಸರ್ವತ್ರ ಶ್ರೇಷ್ಠವೆಂದಾಗದು. ನಾಲ್ಕು ಕಾರ್ಯಗಳನ್ನು ಕಣ್ಣಳತೆಯಲ್ಲಿ ಹೊಂದಿಸಬಹುದು. ನಾಲ್ಕುನೂರಾದರೆ ಒಂದನ್ನು ಸರಿಸಿದಾಗ ಎಲ್ಲೆಲ್ಲಿ ಘರ್ಷಣೆಯುಂಟಾಗುವುದೆಂದು ಕಾಣದು. ಒಂದು ತಾರೀಖು ಬದಲಾದರೂ ಶ್ರಮವೆಲ್ಲ ಪುನರಾವೃತ್ತಿಯಾಗುತ್ತದೆ. ಆದುದರಿಂದ ಮೊದಲು ಯಂತ್ರದಿಂದ ಗಣಿಸಿ, ಯಾವ ಕಾರ್ಯ ಎಷ್ಟು ದಿನ ಜರುಗಿತೆಂಬುದನ್ನು ಪರೀಕ್ಷಿಸಿ, ಅರ್ಥವಿರೋಧವಿದ್ದಲ್ಲಿ ಕೈಯಿಂದ ತಿದ್ದುವುದು ಯುಕ್ತ. ತಿದ್ದಿದ ಕಾರಣವನ್ನು ಗಡುವಾಗಿಯೋ ಪ್ರಾಶಸ್ತ್ಯದ ಅಂಕವಾಗಿಯೋ ಪಟ್ಟಿಯಲ್ಲಿ ಬರೆದಿಡಬೇಕು. ಹಾಗೆ ಬರೆದರೆ ಅರ್ಥವೇ ಪಾಠವಾಗಿ, ಮುಂದಿನ ಗಣನೆಯಲ್ಲಿ ನಾಗಮಂಗಲದ ಬಿತ್ತನೆಯೂ ಲೆಕ್ಕಕ್ಕೆ ಬರುತ್ತದೆ.