ಮಾರಿಕುಪ್ಪಂ ರೈಲಿನಿಂದ ಇಳಿದು ನಡೆದರೆ

ಬೆಳಗಿನ ಹೊತ್ತು ಮಾರಿಕುಪ್ಪಂ ಕಡೆಯಿಂದ ವೈಟ್‌ಫೀಲ್ಡಿಗೆ ಬರುವ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಐಟಿ ಪಾರ್ಕುಗಳ ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್ ಹೆಂಗಸರು, ಕಾರ್ಖಾನೆಯ ಫಿಟ್ಟರುಗಳು, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು ಅದರಲ್ಲಿ ತುಂಬಿರುತ್ತಾರೆ. 2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿ ಬಾಗಿಲು ಹಾಕಿತು. ಅಲ್ಲಿಂದೀಚೆಗೆ ಮಾರಿಕುಪ್ಪಂ ಸೇರಿದ ಗಣಿಯೂರು ಕೆಜಿಎಫ್‌ನ ಸಾವಿರಾರು ಮನೆಗಳ ಒಲೆ ಉರಿಯುತ್ತಿರುವುದು ಬೆಂಗಳೂರಿನ ಈ ಹೊರವಲಯದ ಸಂಬಳದಿಂದ. ಎದುರು ದಿಕ್ಕಿನ ರೈಲಿನಲ್ಲಿ ಮಾತ್ರ ಆ ಹೊತ್ತಿಗೆ ಕಿಟಕಿ ಪಕ್ಕದ ಸೀಟು ಸುಲಭವಾಗಿ ಸಿಗುತ್ತದೆ. ರಜೆಯ ದಿನ ವೈಟ್‌ಫೀಲ್ಡ್‌ನವರು ಅದನ್ನು ಹತ್ತಬೇಕು ಅನ್ನುವುದು ನನ್ನ ಸಲಹೆ. ಬೆಟ್ಟ ಹತ್ತುವ ಕಷ್ಟವಿಲ್ಲದ, ಮಂಡಿನೋವಿನವರಿಗೂ ಆಗುವಂಥ ಸಪಾಟು ನಡಿಗೆಯೊಂದು ಆ ತುದಿಯಲ್ಲಿದೆ.

ಆ ನಡಿಗೆ ಕಲಿಸುವ ಕಲ್ಲಿನ ಪಾಠ ರೈಲಿನಲ್ಲೇ ಶುರುವಾಗುತ್ತದೆ. ವೈಟ್‌ಫೀಲ್ಡಿನಿಂದ ಮಾಲೂರು ದಾಟುವವರೆಗೂ ನೆಲದಡಿ ಇರುವುದು ನೈಸ್ ಶಿಲೆ, ಬೂದು ಬಿಳಿ ಪಟ್ಟೆಗಳ ಕಲ್ಲು. ಲಾಲ್‌ಬಾಗಿನ ಬಂಡೆಯೂ ಇದೇ ಕುಲದ್ದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಟೇಕಲ್ ಹತ್ತಿರ ಬಂದಾಗ ಒಂದರ ಮೇಲೊಂದು ಕೂತ ಉರುಟು ಬಂಡೆಗಳ ಗುಡ್ಡಗಳು ಕಾಣುತ್ತವೆ. ಅವನ್ನು ಯಾರೂ ಉರುಳಿಸಿ ತಂದು ಪೇರಿಸಿದ್ದಲ್ಲ. ಬಿರುಕುಗಳಲ್ಲಿ ಇಳಿದ ನೀರು ಮೊದಲು ಕಲ್ಲಿನ ಮೂಲೆಗಳನ್ನು ತಿನ್ನುತ್ತದೆ, ಚೌಕ ದಿಮ್ಮಿ ಗುಂಡಾಗುತ್ತದೆ, ಸುತ್ತಲಿನ ಸಡಿಲ ಮಣ್ಣು ಕೊಚ್ಚಿಹೋದ ಮೇಲೆ ಗುಂಡುಗಳು ಇದ್ದಲ್ಲೇ ಉಳಿಯುತ್ತವೆ.

ಬಂಗಾರಪೇಟೆಯಲ್ಲಿ ಹಳಿ ಕವಲೊಡೆಯುತ್ತದೆ. ಗಣಿಗಾಗಿಯೇ 1894ರಲ್ಲಿ ಹಾಕಿದ ಆ ಕವಲು ಹದಿನಾರು ಕಿಲೋಮೀಟರಿನಷ್ಟು ಉದ್ದ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಇಲ್ಲಿ ಕಲ್ಲಿನ ಬಣ್ಣ ಬದಲಾಗುತ್ತದೆ. ಬೂದು ಹೋಗಿ ಕಪ್ಪು ಹಸಿರು ಬರುತ್ತದೆ. ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ ಚಾಚಿದ, ಕೆಲವೇ ಕಿಲೋಮೀಟರ್ ಅಗಲದ ಈ ಪಟ್ಟಿಗೆ ಕೋಲಾರ ಶಿಸ್ಟ್ ಪಟ್ಟಿ ಎಂದು ಹೆಸರು. ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ ಅದು. ನೀರಿಗೆ ಬಿದ್ದ ಲಾವಾದ ಹೊರಮೈ ತಟ್ಟನೆ ಗಟ್ಟಿಯಾಗುತ್ತದೆ, ಒಳಗಿನದು ಆ ಸಿಪ್ಪೆಯನ್ನು ಒಡೆದು ಮತ್ತೆ ಉಬ್ಬುತ್ತದೆ. ಹಾಗೆ ದಿಂಬಿನಾಕಾರದ ಉಂಡೆಗಳು ಸಾಲುಗಟ್ಟುತ್ತವೆ. ಕೆಜಿಎಫ್ ಸಮೀಪದ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಉಗುಳಿದ ಕಲ್ಚೂರುಗಳ ಶಿಲೆ ಬಯಲಲ್ಲೇ ಕಾಣುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಈ ಕಪ್ಪು ಪಟ್ಟಿಯ ಪೂರ್ವ ಪಶ್ಚಿಮಗಳ ನೈಸ್ ಮೇಲುನೋಟಕ್ಕೆ ಒಂದೇ ಥರ ಇದ್ದರೂ ಹುಟ್ಟು ಬೇರೆ ಬೇರೆ. ಬೇರೆಬೇರೆಯಾಗಿದ್ದ ಎರಡು ಭೂಖಂಡಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ಕೋಲಾರದಲ್ಲಿ ಬಂದು ಬೆಸೆದುಕೊಂಡವು ಎಂದು ಭೂವಿಜ್ಞಾನಿ ವಿ. ರಾಜಾಮಣಿ ಮತ್ತು ಅವರ ಸಹೋದ್ಯೋಗಿಗಳು 1989ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದರು. ಅಂಥ ಒತ್ತಾಟಕ್ಕೆ ಸಿಕ್ಕ ಕಲ್ಲು ಸೀಳುತ್ತದೆ. ಸೀಳಿನಲ್ಲಿ ಆಳದಿಂದ ಬಿಸಿನೀರು ಏರುತ್ತದೆ, ತಾನು ಕರಗಿಸಿಕೊಂಡು ತಂದ ಬಿಳಿಕಲ್ಲನ್ನೂ ಚಿನ್ನವನ್ನೂ ಅಲ್ಲೇ ಬಿಟ್ಟುಹೋಗುತ್ತದೆ. ಚಾಂಪಿಯನ್ ರೀಫ್ ಎಂಬ ಪ್ರಸಿದ್ಧ ಚಿನ್ನದೆಳೆ ಇಂಥದ್ದೇ ಒಂದು ಸೀಳು, ಹೆಚ್ಚಿನ ಕಡೆ ಆಳೆತ್ತರದಷ್ಟೂ ದಪ್ಪವಿಲ್ಲ.

ಊರಿಗಾಂನಲ್ಲಿ ಇಳಿದು ದಕ್ಷಿಣಕ್ಕೆ, ಊರ ರಸ್ತೆಯಲ್ಲೇ ಮಾರಿಕುಪ್ಪಂ ಕಡೆಗೆ ನಡೆಯಿರಿ. ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಗಣಿ ಒಂದರ ಮುಂದೊಂದಾಗಿ ಆ ಚಿನ್ನದೆಳೆಯ ಗೆರೆಯ ಮೇಲಿದ್ದವು. ಶಾಫ್ಟುಗಳ ಮೇಲಿನ ಕಬ್ಬಿಣದ ಗೋಪುರಗಳು, ಕಾರ್ಮಿಕರ ಲೈನ್‌ಮನೆಗಳು, ಹಳಿ, ನಿಲ್ದಾಣ ಎಲ್ಲವೂ ಅದಕ್ಕೆ ಜೋತುಬಿದ್ದಂತಿವೆ. ನಕ್ಷೆಯಲ್ಲಿ ನೋಡಿದರೆ ಊರು ಏಕೆ ಹೀಗೆ ಉದ್ದಕ್ಕೆ ಬೆಳೆಯಿತು ಎನ್ನಿಸುತ್ತದೆ. ನೆಲದಡಿಯ ಬಿರುಕು ಹೋದ ಕಡೆಗೆ ಊರು ಹೋಗಿದೆ, ಅಷ್ಟೇ. ಒಂದೂವರೆ ಗಂಟೆಯ ನಿಧಾನ ನಡಿಗೆಯುದ್ದಕ್ಕೂ ನೀವು ಆ ಬಿರುಕನ್ನೇ ಅನುಸರಿಸುತ್ತಿರುತ್ತೀರಿ. ದಾರಿ ತೋರಿಸುವ ಫಲಕ ಒಂದನ್ನೂ ನಿರೀಕ್ಷಿಸಬೇಡಿ. ಶಾಫ್ಟುಗಳ ಆವರಣ ಗಣಿ ಕಂಪನಿಗೆ ಸೇರಿದ್ದು, ಒಳಗೆ ಹೋಗುವಂತಿಲ್ಲ, ಹೋಗಲೂಬಾರದು.

ದಾರಿಯಲ್ಲಿ ಎದುರಾಗುವ ಚಪ್ಪಟೆ ತಲೆಯ ಮಾಸಲು ಬಿಳಿ ದಿಬ್ಬಗಳು ಬೆಟ್ಟಗಳಲ್ಲ. ಊರವರು ಕರೆಯುವುದು ಸೈನೈಡ್ ಗುಡ್ಡ ಎಂದು. ನೂರಿಪ್ಪತ್ತು ವರ್ಷಗಳಲ್ಲಿ ಈ ಗಣಿಗಳು ಸುಮಾರು 5 ಕೋಟಿ ಟನ್ ಅದಿರು ಅಗೆದು 800 ಟನ್ ಚಿನ್ನ ತೆಗೆದವು. ಉಳಿದದ್ದೆಲ್ಲ ಎಲ್ಲಿಗಾದರೂ ಹೋಗಬೇಕಲ್ಲ! ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ತೆಳುವಾದ ಸೈನೈಡ್ ದ್ರಾವಣದಲ್ಲಿ ನೆನೆಸುತ್ತಿದ್ದರು. ಗಾಳಿಯ ಆಮ್ಲಜನಕದ ನೆರವಿದ್ದರೆ, ಯಾವ ಸಾಮಾನ್ಯ ಆಮ್ಲಕ್ಕೂ ಬಗ್ಗದ ಚಿನ್ನ ಸೈನೈಡಿಗೆ ಕರಗುತ್ತದೆ. ಆಮೇಲೆ ಸತುವಿನ ಪುಡಿ ಹಾಕಿದರೆ ಮತ್ತೆ ಹೊರಬರುತ್ತದೆ. ಗ್ಲಾಸ್ಗೋದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು 1887ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಚಿನ್ನ ಹೋದ ಮೇಲಿನ ಹಿಟ್ಟು ಇಲ್ಲಿ ಗುಡ್ಡವಾಯಿತು.

ಹೆಸರು ಕೇಳಿ ಹೆದರುವವರಿಗೆ ಒಂದು ಮಾತು. ಬಿಸಿಲಿಗೂ ಗಾಳಿಗೂ ಸೈನೈಡ್ ಬಹುಪಾಲು ಒಡೆದುಹೋಗುತ್ತದೆ. ಹಳೆಯ ದಿಬ್ಬಗಳಲ್ಲಿ ಹೆಚ್ಚು ಅಂಜಬೇಕಾದದ್ದು ಬೇರೆಯದಕ್ಕೆ. ಅದಿರಿನಲ್ಲಿದ್ದ ಗಂಧಕ ಮತ್ತು ಆರ್ಸೆನಿಕ್ ಬೆರೆತ ಕಬ್ಬಿಣದ ಖನಿಜಗಳು ನೀರು ಗಾಳಿ ತಾಗಿದಾಗ ತುಕ್ಕು ಹಿಡಿದು ಆಮ್ಲ, ಲವಣ ಬಿಡುತ್ತವೆ, ಆದ್ದರಿಂದ ಇದರ ಮೇಲೆ ಗಿಡ ಬೇರೂರಲು ಒದ್ದಾಡುತ್ತದೆ. ಬೇಸಿಗೆಯ ಗಾಳಿಗೆ ಏಳುವ ನುಣ್ಣನೆಯ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಇದೇ ಧೂಳು ಗಣಿಯೊಳಗೆ ತಲೆಮಾರುಗಳ ಕಾರ್ಮಿಕರಿಗೆ ಸಿಲಿಕೋಸಿಸ್ ತಂದಿತ್ತು. ಹಾಗಾಗಿ ಮಳೆಗಾಲ ಮುಗಿದ ತಿಂಗಳುಗಳಲ್ಲಿ ಹೋಗಿ, ದಿಬ್ಬವನ್ನು ರಸ್ತೆಯಿಂದಲೇ ನೋಡಿ. ಸಿನಿಮಾದವರು ಅಲ್ಲೇ ಶೂಟಿಂಗ್ ಮಾಡಿದರು ಎಂಬುದು ಹತ್ತಲು ಕಾರಣವಾಗದು.

ದೂರದಿಂದಲೂ ನೋಡುವುದು ಬಹಳವಿದೆ. ದಿಬ್ಬದ ಮೈಯನ್ನು ಮಳೆ ಕೊರೆದು ಕೊರಕಲು ಮಾಡಿದೆ. ಕೊರಕಲು ಕವಲೊಡೆಯುತ್ತದೆ, ಕವಲು ಕೂಡುತ್ತದೆ, ಬುಡದಲ್ಲಿ ಮರಳು ಬೀಸಣಿಗೆಯಂತೆ ಹರಡುತ್ತದೆ. ಚಂಬಲ್ ಕಣಿವೆಯ ಕೊರಕಲುಗಳಿಗೆ ಸಾವಿರಾರು ವರ್ಷ ಹಿಡಿದ ಕೆಲಸವನ್ನು ಬೇರಿಲ್ಲದ ಈ ಹುಡಿ ಮಣ್ಣಿನಲ್ಲಿ ಮಳೆ ನೂರು ವರ್ಷದೊಳಗೆ ಮಾಡಿ ತೋರಿಸಿದೆ. ನದಿ ಹೇಗೆ ಹುಟ್ಟುತ್ತದೆಂದು ಶಾಲಾ ಮಕ್ಕಳಿಗೆ ತೋರಿಸಲು ಬೆಂಗಳೂರಿಗೆ ಇದಕ್ಕಿಂತ ಹತ್ತಿರದ ಜಾಗ ನನಗೆ ತಿಳಿದಿಲ್ಲ.

ಇನ್ನು ಕಾಲ ಕೆಳಗಿನದು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಇದು ಕಡಿಮೆ ಎಂದರೆ ನಂಬುತ್ತೀರಾ? ಭೂಮಿಯಲ್ಲಿ ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತದೆ. ಆ ಲೆಕ್ಕಕ್ಕೆ ಅಲ್ಲಿ ನೀರು ಕುದಿಯಬೇಕಿತ್ತು. ದಕ್ಷಿಣ ಭಾರತದ ಶಿಲಾಫಲಕ ಬಹಳ ಹಳೆಯದು, ದಪ್ಪ, ತಣ್ಣಗಾದದ್ದು. ಅದರಿಂದಲೇ ಅಷ್ಟು ಆಳದಲ್ಲಿ ಮನುಷ್ಯ ಕೆಲಸ ಮಾಡಲು ಆಯಿತು. ಆದರೆ ಒತ್ತಡಕ್ಕೆ ಆ ರಿಯಾಯಿತಿ ಇರಲಿಲ್ಲ. ಅಗೆದು ಟೊಳ್ಳು ಮಾಡಿದ ಕಡೆ ಬಂಡೆ ಮುನ್ಸೂಚನೆಯಿಲ್ಲದೆ ಸಿಡಿಯುತ್ತಿತ್ತು. ಆ ಶಿಲಾಸ್ಫೋಟಗಳು ಎಷ್ಟೋ ಜೀವ ತೆಗೆದವು. ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಹುಟ್ಟಿದ್ದು ಸುಮ್ಮನೆ ಅಲ್ಲ.

ಆಳವನ್ನು ಚಿನ್ನಕ್ಕಲ್ಲದೆ ಬೇರೆಯದಕ್ಕೂ ಬಳಸಿಕೊಂಡವರಿದ್ದರು. ಮೇಲ್ಗಡೆ ನಮ್ಮ ಅಂಗೈ ಮೇಲೆ ನಿಮಿಷಕ್ಕೆ ನೂರರಷ್ಟು ಮ್ಯೂಆನ್ ಕಣಗಳು ಆಕಾಶದಿಂದ ಬೀಳುತ್ತಿರುತ್ತವೆ. ಈ ಗದ್ದಲದಲ್ಲಿ, ಎಷ್ಟು ಕಲ್ಲನ್ನಾದರೂ ದಾಟಬಲ್ಲ ನ್ಯೂಟ್ರಿನೊ ಎಂಬ ಕಣದ ಸುಳಿವು ಹಿಡಿಯಲಾಗದು. 2.3 ಕಿಲೋಮೀಟರ್ ಕಲ್ಲು ಅಡ್ಡವಿದ್ದರೆ ಮ್ಯೂಆನ್‌ಗಳಲ್ಲಿ ಬಹುತೇಕ ಎಲ್ಲವೂ ನಿಂತುಬಿಡುತ್ತವೆ. ನುಸುಳುವ ಕೆಲವು ಮೇಲಿನಿಂದ ನೇರ ಕೆಳಗೆ ಬರುತ್ತವೆ. ಅಡ್ಡಡ್ಡಲಾಗಿ ಹಾದುಹೋದ ಗುರುತು ಸಿಕ್ಕರೆ? ಅದನ್ನು ಹುಟ್ಟಿಸಿದ್ದು ನ್ಯೂಟ್ರಿನೊ ಎಂದೇ ಅರ್ಥ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್), ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ 1965ರಲ್ಲಿ ಹಾಗೆ ವಾತಾವರಣದ ನ್ಯೂಟ್ರಿನೊವನ್ನು ಇದೇ ಗಣಿಯಲ್ಲಿ ಪತ್ತೆಹಚ್ಚಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡಕ್ಕೂ ಅದು ಸಿಕ್ಕಿತು. ಮೈಸೂರು ಸೀಮೆಯವರೇ ಆದ ಟಿಐಎಫ್‌ಆರ್‌ನ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಇಲ್ಲಿ ಉಪಕರಣ ಹೊತ್ತು ಇಳಿದಿದ್ದರು.

ಈಗ ಗಣಿಯ ಆಳದಲ್ಲಿ ನೀರು ತುಂಬಿದೆ, ಆ ಪ್ರಯೋಗ ನಡೆದ ಕೋಣೆಗಳನ್ನು ಯಾರೂ ನೋಡಲಾರರು. ದಿಬ್ಬಗಳ ವಿಚಾರ ಮಾತ್ರ ಇನ್ನೂ ಮುಗಿದಿಲ್ಲ. ಸಾವಿರ ಎಕರೆಯಷ್ಟು ಜಾಗದಲ್ಲಿರುವ 13 ದಿಬ್ಬಗಳನ್ನು ಹರಾಜು ಹಾಕಿ ಮತ್ತೊಮ್ಮೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿತು. ಅಂದಾಜಿನ ಪ್ರಕಾರ 3.3 ಕೋಟಿ ಟನ್ ಪುಡಿಯಲ್ಲಿ 23 ಟನ್ ಚಿನ್ನ, ಅಂದರೆ ಟನ್ನಿಗೆ ಒಂದು ಗ್ರಾಂಗೂ ಕಡಿಮೆ. ಅದನ್ನು ಪೂರ್ತಿ ತೆಗೆದರೂ ಪುಡಿ ಹೆಚ್ಚುಕಮ್ಮಿ 3.3 ಕೋಟಿ ಟನ್ನಾಗಿಯೇ ಉಳಿಯುತ್ತದೆ. ಈ ಸಲ ಅದನ್ನು ಎಲ್ಲಿ, ಹೇಗೆ ಸುರಿಯುತ್ತಾರೆ, ಮೇಲೆ ಏನು ಹೊದಿಸುತ್ತಾರೆ ಎಂದು ಕೆಜಿಎಫ್‌ನವರು ಈಗಲೇ ಕೇಳಬೇಕು.