ಅಜ್ಜಿ ಹೆಣೆದ ಕುಲಾವಿ: ಯಾವಾಗ ಹಾಕಬೇಕು, ಯಾವಾಗ ತೆಗೀಬೇಕು?

ದೆಹಲಿ, ಪುಣೆಯಲ್ಲಿ ಚಳಿ ಶುರುವಾದ್ರೆ ಊರಿಂದ ಅಜ್ಜಿ ಹೆಣೆದ ಕುಲಾವಿ, ಸ್ವೆಟರ್ ಬಂದೇ ಬರುತ್ತೆ. ಮೊದಲು ನೂಲು ನೋಡಿ. ಕುರಿ ಉಣ್ಣೆ ತನ್ನ ತೂಕದ ಸುಮಾರು 30% ತೇವ ಹೀರಿಕೊಂಡರೂ ಒದ್ದೆ ಅನ್ನಿಸಲ್ಲ. ಅಕ್ರಿಲಿಕ್ ಅಂದ್ರೆ ಪ್ಲಾಸ್ಟಿಕ್ ನೂಲು, ಬೆವರು ಅಷ್ಟಾಗಿ ಹೀರಲ್ಲ. ಯಾವುದೇ ಇರಲಿ, ಒಳಗೆ ಹತ್ತಿ ಅಂಗಿ ಹಾಕಿ.

ಈಗ ಮುಖ್ಯ ವಿಷಯ. ಮಗುವಿನ ಮೈಗೆ ಹೋಲಿಸಿದ್ರೆ ತಲೆ ದೊಡ್ಡದು. ಹೆಚ್ಚಾದ ಶಾಖ ಅಲ್ಲಿಂದಲೂ ಹೊರಹೋಗಬೇಕು. ಮೈ ಅತಿಯಾಗಿ ಬಿಸಿಯಾದ್ರೆ ನಿದ್ದೆಯಲ್ಲೇ ಹಠಾತ್ ಸಾವಿನ ಅಪಾಯ ಹೆಚ್ಚು. ಅದಕ್ಕೇ ಹುಟ್ಟಿದ ಮೊದಲ ಕೆಲವು ಗಂಟೆ ಬಿಟ್ಟರೆ, ಮನೆಯೊಳಗೆ ಮಲಗಿಸುವಾಗ ಟೋಪಿ ಬೇಡ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಹೇಳಿದೆ.

ಅಂಗೈ ತಣ್ಣಗಿದೆ ಅಂತ ಗಾಬರಿ ಬೇಡ. ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ರೆ ಒಂದು ಪದರ ತೆಗೀರಿ. ಚಳೀಲಿ ಹೊರಗೆ ಹೊರಟಾಗ ಮಾತ್ರ ಅಜ್ಜಿ ಕುಲಾವಿಯೇ ಸರಿ.